ಜೀನ್ ಟೆಸ್ಟ್ ಬರೆದುಕೊಟ್ಟರೆ ಜೀನ್ ಥೆರಪಿ ಶುರುವಾಯ್ತು ಅಂತಲ್ಲ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ. ಅಪ್ಪನಿಗೆ 63 ವರ್ಷ. ಅಡಿಕೆ ತೋಟ ನೋಡಿಕೊಂಡು ಇದ್ದವರು, ಬೀಡಿ ಸಿಗರೇಟು ಮುಟ್ಟಿದವರಲ್ಲ. ಕೆಮ್ಮು, ಏದುಸಿರು ಅಂತ ತೋರಿಸಿದಾಗ ಎದೆಯಲ್ಲಿ ನೀರು ತುಂಬಿದೆ ಎಂದು ಟಿಬಿ ಮಾತ್ರೆ ಶುರು ಮಾಡಿದರು. ತಿಂಗಳುಗಳಾದರೂ ಕಡಿಮೆ ಆಗಲಿಲ್ಲ. ಈಗ ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮ ಎಂಬ ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ ಎಂದು ಬಂದಿದೆ. ಜೀನ್ ಟೆಸ್ಟ್‌ಗೆ ಕಳಿಸಿದ್ದಾರೆ. ಬೆಂಗಳೂರಿನ ಸಂಬಂಧಿಕರು 'ಈಗ ಜೀನ್ ಥೆರಪಿ ಬಂದಿದೆ, ವೈರಸ್ ಬಿಟ್ಟು ಇಮ್ಯುನಿಟಿ ಎಬ್ಬಿಸುತ್ತಾರೆ, ಅದನ್ನೇ ಮಾಡಿಸಿ' ಎನ್ನುತ್ತಿದ್ದಾರೆ. ಅಷ್ಟು ದುಡ್ಡು ಹೊಂದಿಸಲು ತೋಟದಲ್ಲಿ ಅರ್ಧ ಎಕರೆ ಮಾರಬೇಕಾಗುತ್ತದೆ. ಸದ್ಯಕ್ಕೆ ಇಮ್ಯುನಿಟಿಗೆ ಅಂತ ಅಮೃತಬಳ್ಳಿ ಕಷಾಯ ಕೊಡುತ್ತಿದ್ದೇವೆ. ಯಾವ ದಾರಿ ಹಿಡಿಯಬೇಕು?

ಉತ್ತರ: ಮೊದಲು ತೋಟದ ಮಾತು. ಜೀನ್ ಟೆಸ್ಟಿನ ವರದಿ ಕೈಗೆ ಬರುವವರೆಗೆ ಒಂದು ಗುಂಟೆಯನ್ನೂ ಮಾರಬೇಡಿ. ಯಾರಿಗೂ ಮುಂಗಡ ಕೊಡಬೇಡಿ. ನಿಮ್ಮ ತಂದೆಗೆ ಯಾವ ಔಷಧಿ ಹೊಂದುತ್ತದೆ ಎನ್ನುವುದು ಆ ವರದಿಯ ಮೇಲೆ ನಿಂತಿದೆ. ಅದು ತಿಂಗಳಿಗೆ ಕೆಲವು ಸಾವಿರದ ಮಾತ್ರೆಯೂ ಆಗಬಹುದು, ಲಕ್ಷಗಳ ಇಂಜೆಕ್ಷನ್ನೂ ಆಗಬಹುದು.

ಜೀನ್ ಟೆಸ್ಟ್ ಮತ್ತು ಜೀನ್ ಥೆರಪಿ ಎರಡನ್ನೂ ಒಂದೇ ಎಂದುಕೊಂಡು ಬರುವ ಕುಟುಂಬಗಳು ತುಂಬಾ. ಟೆಸ್ಟಿನಲ್ಲಿ ಮಾಡುವುದು ಓದುವ ಕೆಲಸ. ಗಡ್ಡೆಯ ತುಣುಕನ್ನೋ, ಎದೆನೀರಿನಲ್ಲಿ ಸಿಕ್ಕ ಕ್ಯಾನ್ಸರ್ ಕೋಶಗಳನ್ನೋ ತೆಗೆದುಕೊಂಡು, ಯಾವ ಜೀನ್ ಕೆಟ್ಟು ಈ ಗಡ್ಡೆ ಬೆಳೆಯುತ್ತಿದೆ ಎಂದು ನೋಡುತ್ತಾರೆ. ಅಪ್ಪನ ಮೈಯಲ್ಲಿ ಏನನ್ನೂ ಬದಲಿಸುವುದಿಲ್ಲ. ಮುಖ್ಯವಾಗಿ ನೋಡುವುದು ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್1 ಮುಂತಾದ ಜೀನುಗಳನ್ನು. ಭಾರತದಲ್ಲಿ ಶ್ವಾಸಕೋಶದ ಅಡಿನೋಕಾರ್ಸಿನೋಮ ಬಂದವರಲ್ಲಿ ಸುಮಾರು ಕಾಲು ಭಾಗದಷ್ಟು ಜನರಿಗೆ ಇಜಿಎಫ್‌ಆರ್ ಬದಲಾವಣೆ ಸಿಗುತ್ತದೆ. ಹೊಗೆಸೊಪ್ಪು ಮುಟ್ಟದವರಲ್ಲಿ ಇನ್ನೂ ಜಾಸ್ತಿ. ಹಾಗಾಗಿ ನಿಮ್ಮ ತಂದೆಯ ವಿಷಯದಲ್ಲಿ ಈ ಟೆಸ್ಟ್ ಬಹಳ ಮುಖ್ಯ. ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೆ ಮಕ್ಕಳ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಈ ಬದಲಾವಣೆ ಸಾಮಾನ್ಯವಾಗಿ ಗಡ್ಡೆಯೊಳಗೆ ಮಾತ್ರ ಆದದ್ದು. ಅಪ್ಪನಿಂದ ನಿಮಗೆ ಬರುವಂಥದ್ದಲ್ಲ.

ಇಜಿಎಫ್‌ಆರ್ ಪಾಸಿಟಿವ್ ಬಂದರೆ ಮಾತ್ರೆಯಲ್ಲೇ ಚಿಕಿತ್ಸೆ. ಜೆಫಿಟಿನಿಬ್ ಹಳೆಯದು, ಕಡಿಮೆ ಬೆಲೆಯದು. ಒಸಿಮೆರ್ಟಿನಿಬ್ ಹೊಸದು, ದುಬಾರಿ. ಎರಡನ್ನೂ ಹೋಲಿಸಿದ ದೊಡ್ಡ ಪ್ರಯೋಗದಲ್ಲಿ ಹೊಸ ಮಾತ್ರೆ ತೆಗೆದುಕೊಂಡ ಗುಂಪಿನ ಅರ್ಧದಷ್ಟು ಜನ 38 ತಿಂಗಳು ದಾಟಿದರು. ಹಳೆಯ ತಲೆಮಾರಿನ ಮಾತ್ರೆಯಲ್ಲಿ ಅದು ಸುಮಾರು 32 ತಿಂಗಳು. ನಾಲ್ಕನೇ ಹಂತ ಅಂದ ತಕ್ಷಣ 'ಇನ್ನೇನು ಮುಗೀತು' ಎಂದು ಹೇಳುವವರ ಮಾತು ಕೇಳಬೇಡಿ.

ಇನ್ನು ವೈರಸ್ ಬಿಡುವ ವಿಷಯಕ್ಕೆ ಬರೋಣ. ನಿಮ್ಮ ಸಂಬಂಧಿಕರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಜೀನ್ ಥೆರಪಿ ಎಂದರೆ ಬೇಕಾದ ಒಂದು ಜೀನನ್ನು ಕೋಶದೊಳಗೆ ಸೇರಿಸುವುದು. ಅದನ್ನು ಹೊತ್ತುಕೊಂಡು ಹೋಗಲು ಹೆಚ್ಚಾಗಿ ವೈರಸ್ಸನ್ನೇ ಬಳಸುತ್ತಾರೆ, ಕೋಶದೊಳಗೆ ನುಗ್ಗುವುದು ಅದಕ್ಕೆ ಚೆನ್ನಾಗಿ ಗೊತ್ತು. ರೋಗ ತರುವ ಭಾಗವನ್ನು ಮೊದಲೇ ತೆಗೆದಿರುತ್ತಾರೆ. ಕೇಳಿದರೆ ಭಯವಾಗುತ್ತದೆ ಅಲ್ವಾ? ಆದರೆ ನಿಮ್ಮ ಮನೆಯಲ್ಲಿ ಯಾರಾದರೂ ಕೋವಿಶೀಲ್ಡ್ ಹಾಕಿಸಿಕೊಂಡಿದ್ದರೆ ಇದೇ ತಂತ್ರ ಅವರ ತೋಳಿಗೆ ಆಗಲೇ ಬಂದು ಹೋಗಿದೆ. ಅದರಲ್ಲಿದ್ದದ್ದು ಬೆಳೆಯಲು ಆಗದಂತೆ ಮಾಡಿದ ಚಿಂಪಾಂಜಿಯ ಅಡೆನೋವೈರಸ್. ಕೊರೊನಾ ವೈರಸ್ಸಿನ ಒಂದು ಪ್ರೋಟೀನಿನ ಜೀನನ್ನು ಅದು ಹೊತ್ತು ತಂದಿತ್ತು. ಮನುಷ್ಯರ ಅಡೆನೋವೈರಸ್ ಬಿಟ್ಟು ಚಿಂಪಾಂಜಿಯದ್ದನ್ನು ಆರಿಸಿದ್ದಕ್ಕೂ ಕಾರಣ ಇದೆ. ನಮ್ಮಲ್ಲಿ ಬಹಳ ಜನರಿಗೆ ಚಿಕ್ಕಂದಿನಲ್ಲೇ ನೆಗಡಿ ರೂಪದಲ್ಲಿ ಮನುಷ್ಯರ ಅಡೆನೋವೈರಸ್ ಬಂದು ಹೋಗಿರುತ್ತದೆ. ಅದರ ವಿರುದ್ಧ ಪ್ರತಿಕಾಯ (ಆಂಟಿಬಾಡಿ) ರಕ್ತದಲ್ಲಿ ಸಿದ್ಧವಾಗಿ ಕೂತಿರುತ್ತದೆ. ವೈರಸ್ ಒಳಗೆ ಬಂದ ಕೂಡಲೇ ಹಿಡಿದು ಹಾಕುತ್ತದೆ, ಜೀನ್ ತಲುಪಬೇಕಾದ ಜಾಗಕ್ಕೆ ತಲುಪುವುದೇ ಇಲ್ಲ.

ಎದೆಗೂಡಿನೊಳಗಿನ ಕ್ಯಾನ್ಸರಿಗೆ ಜೀನ್ ಥೆರಪಿ ಮಾಡಿದ ಕಥೆಯ ತಿರುಳು ಇಲ್ಲೇ ಇದೆ. 1990ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸ್ಟೀವನ್ ಅಲ್ಬೆಲ್ಡಾ, ಡೇನಿಯಲ್ ಸ್ಟರ್ಮನ್ ಮತ್ತು ಜೊತೆಗಾರರು ಮೀಸೋಥೀಲಿಯೋಮ ಎಂಬ ಕ್ಯಾನ್ಸರಿಗೆ ಇದನ್ನು ಪ್ರಯತ್ನಿಸಿದರು. ಶ್ವಾಸಕೋಶವನ್ನು ಸುತ್ತಿಕೊಂಡಿರುವ ಪೊರೆಯ ಕ್ಯಾನ್ಸರ್ ಅದು. ಕಲ್ನಾರಿನ (ಆಸ್ಬೆಸ್ಟಾಸ್) ಪುಡಿಯನ್ನು ಉಸಿರಾಡಿದವರಿಗೆ ದಶಕಗಳ ನಂತರ ಬರುತ್ತದೆ. (ಕೊಟ್ಟಿಗೆ, ಅಡಿಕೆ ಮನೆಗೆ ಹಾಕಿದ ಹಳೆಯ ಕಲ್ನಾರಿನ ಶೀಟನ್ನು ಒಣಗಿದ್ದಾಗ ಕೊಯ್ಯಬೇಡಿ, ಒಡೆಯಬೇಡಿ. ತೆಗೆಯಲೇಬೇಕಾದರೆ ನೀರು ಹಾಕಿ, ಇಡಿಯಾಗಿ ಇಳಿಸಿ.) ಅವರು ಅಡೆನೋವೈರಸ್ಸಿನಲ್ಲಿ ಹರ್ಪಿಸ್ ವೈರಸ್ಸಿನ ಒಂದು ಜೀನನ್ನು ಇಟ್ಟು ಎದೆಯ ಪೊರೆಯೊಳಗೆ ಬಿಟ್ಟರು. ಆಮೇಲೆ ಗ್ಯಾನ್ಸಿಕ್ಲೋವಿರ್ ಎಂಬ ಔಷಧಿ ಕೊಟ್ಟರು. ಆ ಜೀನ್ ಸೇರಿದ ಕೋಶದಲ್ಲಿ ಮಾತ್ರ ಈ ಔಷಧಿ ವಿಷವಾಗುತ್ತದೆ. ಜೀನ್ ಹೋದ ಕ್ಯಾನ್ಸರ್ ಕೋಶ ಸಾಯಬೇಕು, ಉಳಿದವು ಬದುಕಬೇಕು, ಇದು ಲೆಕ್ಕ.

ಲೆಕ್ಕದ ಹಾಗೆ ನಡೆಯಲಿಲ್ಲ. ಜೀನ್ ತಲುಪಿದ್ದು ಗಡ್ಡೆಯ ಮೇಲಿನ ಕೆಲವೇ ಪದರಗಳಿಗೆ. ಹೆಚ್ಚಿನ ರೋಗಿಗಳಿಗೆ ದೊಡ್ಡ ಉಪಯೋಗ ಕಾಣಲಿಲ್ಲ. ಆದರೆ ಒಬ್ಬಿಬ್ಬರು ವರ್ಷಗಟ್ಟಲೆ ಬದುಕಿದರು, ಅವರ ಗಡ್ಡೆ ನಿಧಾನಕ್ಕೆ ಕರಗಿತು. ಮೇಲಿನ ಪದರ ಸತ್ತದ್ದಕ್ಕೆ ಒಳಗಿನ ಗಡ್ಡೆ ಯಾಕೆ ಕರಗಬೇಕು? ಸತ್ತ ಕೋಶಗಳನ್ನು, ವೈರಸ್ಸನ್ನು ಕಂಡು ದೇಹದ ರೋಗನಿರೋಧಕ ಪಡೆ ಎಚ್ಚೆತ್ತಿತ್ತು. ಗಡ್ಡೆಯ ಗುರುತು ಹಿಡಿದು ಅದೇ ಕೆಲಸ ಮುಂದುವರಿಸಿತ್ತು ಎಂಬ ತೀರ್ಮಾನಕ್ಕೆ ಅವರು ಬಂದರು. ಅಲ್ಲಿಂದ ದಾರಿ ಬದಲಾಯಿತು. ಕೋಶ ಕೊಲ್ಲುವ ಜೀನ್ ಬಿಟ್ಟು, ರೋಗನಿರೋಧಕ ಪಡೆಯನ್ನು ಕೂಗಿ ಕರೆಯುವ ಇಂಟರ್ಫೆರಾನ್ ಜೀನನ್ನು ಅದೇ ವೈರಸ್ಸಿನಲ್ಲಿಟ್ಟು ಎದೆಯೊಳಗೆ ಬಿಡಲು ಶುರು ಮಾಡಿದರು. ಎರಡನೇ ಡೋಸನ್ನು ಒಂದೆರಡು ವಾರ ಬಿಟ್ಟು ಕೊಟ್ಟಾಗ ಅಷ್ಟರಲ್ಲಿ ಪ್ರತಿಕಾಯ ಎದ್ದು ಕೂತಿತ್ತು, ಜೀನ್ ಕೆಲಸ ಮಾಡಲಿಲ್ಲ. ಹಾಗಾಗಿ ಮೊದಲ ದಿನ ಒಂದು, ನಾಲ್ಕನೇ ದಿನ ಇನ್ನೊಂದು ಎಂದು ಡೋಸುಗಳನ್ನು ಹತ್ತಿರ ತಂದರು. ಗಮನಿಸಿ, ಅದೇ ರೋಗನಿರೋಧಕ ಶಕ್ತಿ ಒಂದು ಕಡೆ ಔಷಧಿಯನ್ನು ತಡೆಯುತ್ತದೆ, ಇನ್ನೊಂದು ಕಡೆ ಅದೇ ಗಡ್ಡೆಯನ್ನು ತಿನ್ನುತ್ತದೆ.

ಅದು ಕೈ ಮೀರಿದರೆ ಏನಾಗುತ್ತದೆ ಎನ್ನುವುದೂ ಅದೇ ವಿಶ್ವವಿದ್ಯಾಲಯದಲ್ಲಿ ಕಂಡಿತು. 1999ರ ಸೆಪ್ಟೆಂಬರಿನಲ್ಲಿ ಜೆಸ್ಸಿ ಗೆಲ್ಸಿಂಗರ್ ಎಂಬ 18 ವರ್ಷದ ಹುಡುಗನಿಗೆ ಹುಟ್ಟಿನಿಂದ ಬಂದ ಯಕೃತ್ತಿನ ಕಾಯಿಲೆಗಾಗಿ ಇನ್ನೊಂದು ತಂಡ ಅಡೆನೋವೈರಸ್ ಕೊಟ್ಟಿತು. ಅವನ ದೇಹ ಅದರ ವಿರುದ್ಧ ಎಷ್ಟು ಜೋರಾಗಿ ತಿರುಗಿ ಬಿತ್ತೆಂದರೆ ನಾಲ್ಕೇ ದಿನದಲ್ಲಿ ಹುಡುಗ ತೀರಿಕೊಂಡ. ಜೀನ್ ಥೆರಪಿ ಕ್ಷೇತ್ರ ಎಷ್ಟೋ ವರ್ಷ ಚೇತರಿಸಿಕೊಳ್ಳಲಿಲ್ಲ. 'ಇಮ್ಯುನಿಟಿ ಎಬ್ಬಿಸುತ್ತೇವೆ' ಎಂದು ಯಾರಾದರೂ ಸುಲಭವಾಗಿ ಹೇಳಿದರೆ ನನಗೆ ಆ ಹುಡುಗ ನೆನಪಾಗುತ್ತಾನೆ.

ಇಂಟರ್ಫೆರಾನ್ ಜೀನ್ ಹೊತ್ತ ಅಡೆನೋವೈರಸ್ಸಿಗೆ 2022ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸಿಕ್ಕಿದ್ದು ಮೂತ್ರಕೋಶದ ಒಂದು ಬಗೆಯ ಕ್ಯಾನ್ಸರಿಗೆ. ಭಾರತದಲ್ಲೂ ಜೀನ್ ಥೆರಪಿ ಇದೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಬಂತು. ರೋಗನಿರೋಧಕ ಪಡೆಯ ಸೈನಿಕರಾದ ಟಿ ಕೋಶಗಳನ್ನು ರೋಗಿಯ ರಕ್ತದಿಂದ ತೆಗೆದು, ಲ್ಯಾಬಿನಲ್ಲಿ ಹೊಸ ಜೀನ್ ಸೇರಿಸಿ, ವಾಪಸ್ ಕೊಡುತ್ತಾರೆ. ನಮ್ಮ ದೇಶದಲ್ಲೇ ಇದು ಆದದ್ದಕ್ಕೆ ನನಗೆ ನಿಜವಾಗಿ ಹೆಮ್ಮೆ. ಆದರೆ ಅದು ಕೆಲವು ಬಗೆಯ ರಕ್ತದ ಮತ್ತು ದುಗ್ಧರಸ ಗ್ರಂಥಿಯ (ಲಿಂಫೋಮ) ಕ್ಯಾನ್ಸರಿಗೆ. ರಕ್ತದಲ್ಲಿ ತೇಲುವ ಕ್ಯಾನ್ಸರ್ ಕೋಶ ಟಿ ಕೋಶದ ಕೈಗೆ ಸಿಗುತ್ತದೆ. ಶ್ವಾಸಕೋಶದ ಗಟ್ಟಿ ಗಡ್ಡೆಯೊಳಗೆ ಅವು ನುಗ್ಗುವುದೇ ಕಷ್ಟ, ನುಗ್ಗಿದರೂ ಬೇಗ ಸುಸ್ತಾಗುತ್ತವೆ. ಗಡ್ಡೆಯ ಗುರುತು ಎಂದು ನಾವು ಆರಿಸಿದ ಪ್ರೋಟೀನ್ ಆರೋಗ್ಯದ ಅಂಗದಲ್ಲೂ ಸ್ವಲ್ಪ ಇದ್ದರೆ ಅದಕ್ಕೂ ಏಟು. ನ್ಯೂಯಾರ್ಕಿನಲ್ಲಿ ಪ್ರಸಾದ್ ಅದುಸುಮಿಲ್ಲಿ ಅವರ ತಂಡ ಇಂಥ ಟಿ ಕೋಶಗಳನ್ನು ನೇರ ಎದೆಯ ಪೊರೆಯೊಳಗೆ ಬಿಟ್ಟು, ಜೊತೆಗೆ ಇಮ್ಯುನೋಥೆರಪಿ (ಅದೇನೆಂದು ಮುಂದೆ ಹೇಳುತ್ತೇನೆ) ಕೊಟ್ಟು ನೋಡಿದೆ. ಫಲ ಆಸೆ ಹುಟ್ಟಿಸುವಂತಿದೆ, ಆದರೆ ಅದು ಪ್ರಯೋಗದ ಹಂತದ ಕೆಲಸ. ಒಟ್ಟಿನಲ್ಲಿ ನಿಮ್ಮ ತಂದೆಯ ಕಾಯಿಲೆಗೆ ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಜೀನ್ ಥೆರಪಿ ಇವತ್ತು ಇಲ್ಲ. ಯಾರಾದರೂ ಇದೆ ಎಂದು ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2019ರಲ್ಲೇ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಅನುಮತಿ ಸಿಗದ ಜೀನ್ ಥೆರಪಿಯನ್ನು ನೋಂದಾಯಿತ ಪ್ರಯೋಗದ ಹೊರಗೆ ಕೊಡುವ ಹಾಗಿಲ್ಲ. ಪ್ರಯೋಗವಾದರೆ ಅದರ ನೋಂದಣಿ ಸಂಖ್ಯೆ ಕೇಳಿ. ಪ್ರಯೋಗದ ಔಷಧಿಗೆ ರೋಗಿಯಿಂದ ಹಣ ತೆಗೆದುಕೊಳ್ಳುವುದೂ ಸರಿಯಲ್ಲ.

ಇವತ್ತು ನಿಜವಾಗಿ ಸಿಗುವುದು ಜೀನ್ ಸೇರಿಸದೆ ರೋಗನಿರೋಧಕ ಪಡೆಯನ್ನು ಕೆಲಸಕ್ಕೆ ಹಚ್ಚುವ ಇಂಜೆಕ್ಷನ್. ಜನ ಇಮ್ಯುನೋಥೆರಪಿ ಎನ್ನುವುದು ಇದನ್ನೇ. ತೋಟ ಕಾಯುವ ನಾಯಿ ಮನೆಯವರ ವಾಸನೆ ಬಂದರೆ ಬೊಗಳುವುದಿಲ್ಲ. ಕೆಲವು ಕ್ಯಾನ್ಸರ್ ಕೋಶಗಳು ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನ್ ಹೊತ್ತುಕೊಂಡು ಹಾಗೇ ಮನೆಯವರ ವಾಸನೆ ಹಚ್ಚಿಕೊಳ್ಳುತ್ತವೆ, ಟಿ ಕೋಶ ಸುಮ್ಮನೆ ಬಿಟ್ಟುಬಿಡುತ್ತದೆ. ಪೆಂಬ್ರೊಲಿಜುಮಾಬ್, ನಿವೊಲುಮಾಬ್ ಎಂಬ ಇಂಜೆಕ್ಷನ್‌ಗಳು ಆ ಮೋಸವನ್ನು ತಪ್ಪಿಸುತ್ತವೆ. ಈ ದಾರಿ ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಗಡ್ಡೆಯ ಶೇ. 50 ಅಥವಾ ಅದಕ್ಕಿಂತ ಜಾಸ್ತಿ ಕೋಶಗಳ ಮೇಲೆ ಪಿಡಿ-ಎಲ್1 ಇದ್ದು, ಇಜಿಎಫ್‌ಆರ್, ಎಎಲ್‌ಕೆ ಬದಲಾವಣೆ ಇಲ್ಲದ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಪ್ರಯೋಗ ಒಂದಿದೆ. ಅದರಲ್ಲಿ ಪೆಂಬ್ರೊಲಿಜುಮಾಬ್ ಪಡೆದ 100 ಜನರಲ್ಲಿ ಸುಮಾರು 32 ಮಂದಿ ಐದು ವರ್ಷದ ನಂತರವೂ ಬದುಕಿದ್ದರು. ಬರೀ ಕೀಮೋದಿಂದ ಶುರು ಮಾಡಿದವರಲ್ಲಿ ಅದು 16. ಹರಡಿದ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಐದು ವರ್ಷ ಎಂಬ ಮಾತನ್ನು ಹಿಂದೆ ನಾವು ಆಡುತ್ತಲೇ ಇರಲಿಲ್ಲ.

ಹಾಗಾದರೆ ಇವತ್ತೇ ಶುರು ಮಾಡಬಾರದೇ? ಇಲ್ಲಿ ಆತುರ ಮಾಡಿ ಕೆಡುವವರು ಜಾಸ್ತಿ. ಇಜಿಎಫ್‌ಆರ್ ಅಥವಾ ಎಎಲ್‌ಕೆ ಬದಲಾವಣೆ ಇರುವ ಗಡ್ಡೆಗೆ ಈ ಇಂಜೆಕ್ಷನ್ ಒಂದೇ ಕೊಟ್ಟರೆ ಉಪಯೋಗ ತೀರಾ ಕಡಿಮೆ. ಅಷ್ಟೇ ಆಗಿದ್ದರೆ ದುಡ್ಡು ಹೋಯ್ತು ಅಂದುಕೊಳ್ಳಬಹುದಿತ್ತು. ಇಮ್ಯುನೋಥೆರಪಿ ಮೊದಲು ಕೊಟ್ಟು, ಕೆಲವೇ ವಾರಗಳಲ್ಲಿ ವರದಿ ಬಂತು ಎಂದು ಒಸಿಮೆರ್ಟಿನಿಬ್ ಶುರು ಮಾಡಿದರೆ ಶ್ವಾಸಕೋಶ ಉರಿಯೂತಗೊಂಡು ಪ್ರಾಣಕ್ಕೇ ಕುತ್ತು ಬರಬಹುದು. ಇಂಜೆಕ್ಷನ್ ನಿಲ್ಲಿಸಿದರೂ ಅದರ ಪ್ರಭಾವ ತಿಂಗಳುಗಟ್ಟಲೆ ಮೈಯಲ್ಲಿ ಇರುತ್ತದೆ. ವರದಿಗೆ ಕಾಯುವಾಗ ಏದುಸಿರು ಜಾಸ್ತಿಯಾದರೆ ಎದೆನೀರು ತೆಗೆಸಿ. ಮತ್ತೆ ಮತ್ತೆ ತುಂಬುತ್ತಿದ್ದರೆ ಒಂದು ಸಣ್ಣ ನಳಿಕೆ ಇಟ್ಟು ಮನೆಯಲ್ಲೇ ತೆಗೆಯುವ ವ್ಯವಸ್ಥೆ ಇದೆ, ಕೇಳಿ. ತೀರಾ ಕಾಯಲು ಆಗದಿದ್ದರೆ ಮೊದಲ ಸುತ್ತಿಗೆ ಬರೀ ಕೀಮೋ ಕೊಡಬಹುದು. ತುಣುಕು ಸಾಲದು ಎಂದು ಲ್ಯಾಬ್ ಹೇಳಿದರೆ ಎದೆನೀರಿನಿಂದ ಅಥವಾ ರಕ್ತದಿಂದಲೂ ಜೀನ್ ಟೆಸ್ಟ್ ಸಾಧ್ಯ.

ಟಿಬಿ ಮಾತ್ರೆಯ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಅದು ಬಹಳ ಮುಖ್ಯ ಅನ್ನಿಸಿತು. ಎದೆನೀರು ಕಂಡರೆ ಟಿಬಿ ಎಂದುಕೊಳ್ಳುವುದು ನಮ್ಮ ದೇಶದಲ್ಲಿ ಸಹಜ, ಟಿಬಿ ಅಷ್ಟು ಜಾಸ್ತಿ. ನಿಮ್ಮ ತಂದೆಯ ಕೆಲವು ತಿಂಗಳು ಹೋದವು ಎಂಬ ಸಂಕಟ ನನಗೂ ಆಗುತ್ತದೆ. ಈಗ ಕೇಳಬೇಕಾದದ್ದು ಎರಡು. ಟಿಬಿ ಇತ್ತು ಎಂದು ಕಫದಲ್ಲೋ ನೀರಿನಲ್ಲೋ ಖಚಿತವಾಗಿತ್ತೇ? ಆ ಮಾತ್ರೆ ಈಗಲೂ ನಡೆಯುತ್ತಿದೆಯೇ? ಅದರಲ್ಲಿ ರಿಫಾಂಪಿಸಿನ್ ಇರುತ್ತದೆ. ಅದು ಯಕೃತ್ತನ್ನು ಚುರುಕು ಮಾಡಿ ಜೆಫಿಟಿನಿಬ್, ಒಸಿಮೆರ್ಟಿನಿಬ್ ಎರಡನ್ನೂ ಬೇಗ ಕರಗಿಸಿ ಹೊರಹಾಕುತ್ತದೆ. ಮಾತ್ರೆ ನುಂಗಿದರೂ ರಕ್ತದಲ್ಲಿ ಸಾಲುವುದಿಲ್ಲ. ನಿಜವಾಗಿ ಟಿಬಿ ಇದ್ದರೆ ಇನ್ನೊಂದು ಎಚ್ಚರ ಬೇಕು. ಇಮ್ಯುನೋಥೆರಪಿ ಕೊಟ್ಟ ಮೇಲೆ ಒಳಗೆ ಮಲಗಿದ್ದ ಟಿಬಿ ಎದ್ದ ಉದಾಹರಣೆಗಳಿವೆ. ಟಿಬಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕ್ಯಾನ್ಸರ್ ವೈದ್ಯರಿಗೆ ಆ ಚೀಟಿ ತೋರಿಸಿ, ಅವರು ತೀರ್ಮಾನಿಸಲಿ.

ಕಷಾಯದ ಬಗ್ಗೆ ನೇರವಾಗಿ ಹೇಳುತ್ತೇನೆ. ಮಲೆನಾಡಿನಲ್ಲಿ ನಾಟಿ ಔಷಧಿಯ ಮೇಲೆ ಇರುವ ನಂಬಿಕೆ ನನಗೆ ಗೊತ್ತು. ಸಾಗರ ತಾಲ್ಲೂಕಿನ ನರಸೀಪುರಕ್ಕೆ ಕ್ಯಾನ್ಸರಿಗೆ ಮರದ ತೊಗಟೆಯ ಔಷಧಿ ತರಲು ಊರೂರುಗಳಿಂದ ಬಂದು ಸರದಿಯಲ್ಲಿ ನಿಂತವರನ್ನು ನೀವೂ ಕಂಡಿರುತ್ತೀರಿ. ಆ ಜನರ ಆಸೆಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅಮೃತಬಳ್ಳಿಯನ್ನು ಈಗ ನಿಲ್ಲಿಸಿ. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತು ಕೆಟ್ಟದ್ದನ್ನು ವರದಿ ಮಾಡಿದರು. ದೇಹದ ರೋಗನಿರೋಧಕ ಪಡೆಯೇ ಯಕೃತ್ತಿನ ಮೇಲೆ ತಿರುಗಿಬಿದ್ದ ಲಕ್ಷಣ ಅವರಲ್ಲಿತ್ತು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಟಿಬಿ ಮಾತ್ರೆ, ಕ್ಯಾನ್ಸರ್ ಮಾತ್ರೆ, ಇಮ್ಯುನೋಥೆರಪಿ ಇವೆಲ್ಲವೂ ಯಕೃತ್ತಿಗೆ ಭಾರವೇ. ನಾಳೆ ರಕ್ತಪರೀಕ್ಷೆಯಲ್ಲಿ ಯಕೃತ್ತು ಏರುಪೇರಾದರೆ ಯಾವುದರಿಂದ ಎಂದು ತಿಳಿಯದೆ ಒಳ್ಳೆಯ ಔಷಧಿಯನ್ನೇ ನಿಲ್ಲಿಸಬೇಕಾಗುತ್ತದೆ. ನಿಮ್ಮ ತಂದೆಯ ರೋಗನಿರೋಧಕ ಶಕ್ತಿ ಕಡಿಮೆಯಾಗಿ ಗಡ್ಡೆ ಬೆಳೆದಿದೆ ಎಂದು ತಿಳಿಯಬೇಡಿ. ಶಕ್ತಿ ಇದ್ದೂ ಗಡ್ಡೆಯ ಗುರುತು ಸಿಗುತ್ತಿಲ್ಲ. ಗಂಜಿ, ಮೊಟ್ಟೆ, ಬೇಳೆ, ಮೀನು, ಹೊಟ್ಟೆಗೆ ಹಿತವಾದದ್ದನ್ನು ಚೆನ್ನಾಗಿ ಉಣ್ಣಲಿ. ತೂಕ ಇಳಿಯದಂತೆ ನೋಡಿಕೊಳ್ಳುವುದೇ ನೀವು ಮನೆಯಲ್ಲಿ ಮಾಡಬಹುದಾದ ದೊಡ್ಡ ಚಿಕಿತ್ಸೆ.

ಹಣದ ಲೆಕ್ಕ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಮಾಡಿಸಿಟ್ಟುಕೊಳ್ಳಿ. ಯಾವ ಔಷಧಿ ಯೋಜನೆಯಲ್ಲಿ ಬರುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. 2024ರ ಜುಲೈ ಬಜೆಟ್ಟಿನಲ್ಲಿ ಒಸಿಮೆರ್ಟಿನಿಬ್ ಮತ್ತು ಡುರ್ವಾಲುಮಾಬ್ (ಇದೂ ಒಂದು ಇಮ್ಯುನೋಥೆರಪಿ ಇಂಜೆಕ್ಷನ್) ಮೇಲಿನ ಆಮದು ಸುಂಕ ತೆಗೆದರು. ಕಂಪನಿಗಳ ರಿಯಾಯಿತಿ ಯೋಜನೆಗಳೂ ಇರುತ್ತವೆ, ಕೇಳಲು ಸಂಕೋಚ ಬೇಡ. ಕಡಿಮೆ ಡೋಸಿನ ಮಾತೂ ನಿಮ್ಮ ಕಿವಿಗೆ ಬೀಳಬಹುದು. ಟಾಟಾ ಮೆಮೋರಿಯಲ್ ವೈದ್ಯರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಬರೀ 20 ಮಿಲಿಗ್ರಾಂ ನಿವೊಲುಮಾಬನ್ನು ಕಡಿಮೆ ಪ್ರಮಾಣದ ಕೀಮೋ ಮಾತ್ರೆಗಳ ಜೊತೆ ಕೊಟ್ಟರು. ಒಂದು ವರ್ಷ ಬದುಕಿದವರ ಪ್ರಮಾಣ ಶೇ. 16ರಿಂದ 43ಕ್ಕೆ ಏರಿತು. ಮಾಮೂಲಿ ಡೋಸು ಇದರ ಎಷ್ಟೋ ಪಟ್ಟು. ನಮ್ಮಂಥ ಊರುಗಳಿಗೆ ಇದಕ್ಕಿಂತ ಬೇಕಾದ ಸಂಶೋಧನೆ ಇನ್ನೊಂದಿಲ್ಲ ಎಂದು ನನ್ನ ಭಾವನೆ. ಆದರೆ ಆ ಲೆಕ್ಕವನ್ನು ಹಾಗೇ ಶ್ವಾಸಕೋಶಕ್ಕೆ ತರಬೇಡಿ. ಪೂರ್ತಿ ಡೋಸಿಗೆ ಶಕ್ತಿ ಇಲ್ಲದಾಗ ವೈದ್ಯರ ಜೊತೆ ಕೂತು ಮಾತಾಡುವ ವಿಷಯ ಅದು.

ಕೊನೆಗೆ ಇಮ್ಯುನೋಥೆರಪಿಯೇ ಗತಿ ಎಂದಾದರೆ, ಇಂಜೆಕ್ಷನ್ ಮಣಿಪಾಲದಲ್ಲೋ ಶಿವಮೊಗ್ಗದಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ ಆಗಬಹುದು, ತೊಂದರೆ ಬರುವುದು ಮನೆಯಲ್ಲಿದ್ದಾಗ. ಕೀಮೋ ಥರ ಕೂದಲು ಉದುರುವುದಿಲ್ಲ, ವಾಂತಿ ಕಡಿಮೆ, ಅದನ್ನು ನೋಡಿ 'ಏನೂ ಆಗಿಲ್ಲ' ಎಂದುಕೊಳ್ಳುತ್ತಾರೆ. ಎಚ್ಚೆತ್ತ ಟಿ ಕೋಶ ಶ್ವಾಸಕೋಶ, ಕರುಳು, ಯಕೃತ್ತು, ಥೈರಾಯ್ಡ್, ಅಪರೂಪಕ್ಕೆ ಹೃದಯ, ಯಾವುದರ ಮೇಲೂ ಬೀಳಬಹುದು. ಇಂಜೆಕ್ಷನ್ ನಿಲ್ಲಿಸಿ ತಿಂಗಳುಗಳಾದ ಮೇಲೂ ಬರಬಹುದು. ಹೊಸ ಒಣಕೆಮ್ಮು, ದಿನಕ್ಕೆ ನಾಲ್ಕೈದು ಸಲಕ್ಕಿಂತ ಜಾಸ್ತಿ ಭೇದಿ, ಕಣ್ಣು ಹಳದಿ, ವಿಪರೀತ ಸುಸ್ತು, ಎದೆನೋವು ಇವು ಕಂಡ ದಿನವೇ ಫೋನ್ ಮಾಡಿ. ಬೇಗ ಹಿಡಿದರೆ ಹೆಚ್ಚಿನವು ಸ್ಟೀರಾಯ್ಡ್ ಮಾತ್ರೆಯಲ್ಲೇ ಹಿಡಿತಕ್ಕೆ ಬರುತ್ತವೆ. ಭೇದಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿಸಿ ಎರಡು ದಿನ ಕಾಯುವುದು ಬೇಡ.

ಜ್ವರದ ಬಗ್ಗೆ ಇನ್ನೂ ಹುಷಾರಾಗಿರಿ. ಡಿಸೆಂಬರಿನಿಂದ ಮೇವರೆಗೆ ನಮ್ಮ ಕಡೆ ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯ ಕಾಲ. ಅಪ್ಪ ದರಕು ಗುಡಿಸಲು, ಕಟ್ಟಿಗೆ ತರಲು ಕಾಡಿಗೆ ಹೋಗುವುದನ್ನು ಆ ತಿಂಗಳುಗಳಲ್ಲಿ ಬಿಡಲಿ. ಜ್ವರ ಬಂದರೆ ಅದು ಮಂಗನ ಕಾಯಿಲೆಯೋ, ಇಲಿ ಜ್ವರವೋ, ಔಷಧಿಯ ಪರಿಣಾಮವೋ ಎಂದು ಮನೆಯಲ್ಲಿ ಕೂತು ಹೇಳಲಾಗದು. ಸೋಂಕಿಗೆ ಕೊಡುವ ಚಿಕಿತ್ಸೆ ಬೇರೆ, ಔಷಧಿಯ ಪರಿಣಾಮಕ್ಕೆ ಕೊಡುವುದು ಬೇರೆ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋದಾಗ ಮೊದಲ ಮಾತೇ 'ಇವರಿಗೆ ಇಮ್ಯುನೋಥೆರಪಿ ಆಗಿದೆ' ಎಂದಿರಲಿ. ಔಷಧಿಯ ಹೆಸರು, ಕೊನೆಯ ಡೋಸಿನ ತಾರೀಖು, ಕ್ಯಾನ್ಸರ್ ವೈದ್ಯರ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದು ಅಪ್ಪನ ಜೇಬಿನಲ್ಲಿಡಿ, ಅದರ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲಿರಲಿ. ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿದು ಬಂದ್ ಆಗುವುದುಂಟು, ಹಾಗಾಗಿ ರಾತ್ರಿ ಹೊತ್ತು ಏದುಸಿರು ಬಂದರೆ ಯಾವ ದಾರಿಯಲ್ಲಿ ಯಾವ ಆಸ್ಪತ್ರೆಗೆ ಎಂದು ಮೊದಲ ಇಂಜೆಕ್ಷನ್ನಿಗೆ ಮುಂಚೆಯೇ ಮನೆಯಲ್ಲಿ ಕೂತು ಗೊತ್ತು ಮಾಡಿಕೊಳ್ಳಿ.